ಉಸಿರು ಕಟ್ಟಿದ ಎಂಜಿನ್

1952ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ 500 ಮೈಲಿಗಳ ಕಾರ್ ರೇಸಿನಲ್ಲಿ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟದ್ದು ಒಂದು ಡೀಸೆಲ್ ಕಾರು. ಲಾರಿ ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿ ತನ್ನ 6.6 ಲೀಟರಿನ, ಆರು ಸಿಲಿಂಡರಿನ ಎಂಜಿನ್ನನ್ನು ಪಕ್ಕಕ್ಕೆ ಮಲಗಿಸಿ ಅದಕ್ಕೆ ಟರ್ಬೊಚಾರ್ಜರ್ ಜೋಡಿಸಿತ್ತು. ಆ ರೇಸಿಗೆ ಟರ್ಬೊ ಕಾಲಿಟ್ಟದ್ದೇ ಅಂದು. ಅರ್ಹತಾ ಸುತ್ತುಗಳಲ್ಲಿ ಚಾಲಕ ಫ್ರೆಡ್ ಅಗಬಾಶಿಯನ್ ಗಂಟೆಗೆ 138 ಮೈಲಿ ಸರಾಸರಿ ವೇಗದಲ್ಲಿ ಅದನ್ನು ಓಡಿಸಿ ನೋಡುಗರನ್ನು ಬೆರಗುಗೊಳಿಸಿದ್ದ. ಆದರೆ ರೇಸಿನ ದಿನ, 200 ಸುತ್ತುಗಳಲ್ಲಿ 71 ಮುಗಿಯುವಷ್ಟರಲ್ಲಿ ಕಾರು ಹಿಂದೆ ಸರಿಯಬೇಕಾಯಿತು.

ಎಂಜಿನ್ ಒಡೆದಿರಲಿಲ್ಲ. ತೊಂದರೆ ಶುರುವಾದದ್ದು ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಲ್ಲಿ. ಅದನ್ನು ಕಾರಿನ ಮೂತಿಯ ಕೆಳಭಾಗದಲ್ಲಿ, ನೆಲಕ್ಕೆ ಹತ್ತಿರ ಇಟ್ಟಿದ್ದರು. ಮುಂದೆ ಓಡುವ ಕಾರುಗಳ ಟೈರುಗಳಿಂದ ಉದುರಿದ ರಬ್ಬರಿನ ಪುಡಿ ಅಲ್ಲಿ ಕಟ್ಟಿಕೊಂಡಿತು. ನೂರಾರು ಅಶ್ವಶಕ್ತಿಯ ಯಂತ್ರ ಉಸಿರು ಕಟ್ಟಿ ನಿಂತಿತು.

ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಕಥೆ ಅಮೆರಿಕದ ಹೆದ್ದಾರಿಗಳಲ್ಲಿ ಇಂದಿಗೂ ಮರುಕಳಿಸುತ್ತದೆ. ಅಲ್ಲಿ ನಿವೃತ್ತರಾದ ಎಷ್ಟೋ ದಂಪತಿಗಳು ಮೋಟಾರ್‌ಹೋಮ್‌ನಲ್ಲಿ, ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಬಸ್ಸಿನಂಥ ವಾಹನದಲ್ಲಿ ತಿಂಗಳುಗಟ್ಟಲೆ ತಿರುಗುತ್ತಾರೆ. ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಗಾಡಿ ಕೊಲರಾಡೊದ ಬೆಟ್ಟಗಳ ಏರಿನಲ್ಲಿ ಏದುಸಿರು ಬಿಡತೊಡಗುತ್ತದೆ. ಹಿಂದೆ ಕಪ್ಪು ಹೊಗೆ. ಟರ್ಬೊ ತುಂಬುವ ಗಾಳಿಯ ಒತ್ತಡವನ್ನು, ಅಂದರೆ ಬೂಸ್ಟನ್ನು ತೋರಿಸುವ ಮುಳ್ಳು ಮೇಲೇಳುವುದಿಲ್ಲ. ಎಲ್ಲರ ಬಾಯಲ್ಲೂ ಮೊದಲು ಬರುವ ತೀರ್ಪು ಒಂದೇ: ಟರ್ಬೊ ಹೋಗಿದೆ. ಟರ್ಬೊದ ಚರಿತ್ರೆ ಓದಿದವರು ಮಾತ್ರ ಈ ತೀರ್ಪನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಆ ಚರಿತ್ರೆ ಶುರುವಾಗುವುದು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿಯಿಂದ. ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿ ಹೊಗೆಯಾಗಿ ಕೊಳವೆಯಿಂದ ಹೊರಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ? ಈ ವಿಚಾರಕ್ಕೆ ಬ್ಯೂಖಿ ಜರ್ಮನಿಯಲ್ಲಿ ಪೇಟೆಂಟ್ ಪಡೆದದ್ದು 1905ರಲ್ಲಿ. ಕಾಗದದ ಮೇಲಿನದು ಕೆಲಸಕ್ಕೆ ಬರಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. 1920ರ ದಶಕದ ನಡುವಿನಲ್ಲಿ 'ಪ್ರಾಯ್ಸೆನ್' ಮತ್ತು 'ಹಾನ್ಸೆಸ್ಟಾಟ್ ಡಾನ್ಸಿಗ್' ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳಿಗೆ ಅವನ ಏರ್ಪಾಡನ್ನು ಅಳವಡಿಸಿದಾಗ 1,750 ಅಶ್ವಶಕ್ತಿಯ ಎಂಜಿನ್ 2,500 ಅಶ್ವಶಕ್ತಿ ಕೊಟ್ಟಿತು.

ಅಷ್ಟರೊಳಗೆ ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಮೊದಲ ಮಹಾಯುದ್ಧದ ವಿಮಾನಗಳು ಮೇಲೇರಿದಂತೆ ಬಲ ಕಳೆದುಕೊಳ್ಳುತ್ತಿದ್ದವು. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಟ್ರಕ್ಕಿನ ಮೇಲೆ ಹೇರಿಸಿಕೊಂಡು, 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೋದ. ಸಮುದ್ರಮಟ್ಟದಲ್ಲಿ ಸುಮಾರು 350 ಅಶ್ವಶಕ್ತಿಯ ಎಂಜಿನ್ ಅಲ್ಲಿ 230ಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದ ಮೇಲೆ 356ಕ್ಕೆ ಏರಿತು. ಶಿಖರದಲ್ಲಿ ಇಂಧನಕ್ಕೇನೂ ಬರವಿರಲಿಲ್ಲ, ಕಬ್ಬಿಣ ಸವೆದಿರಲಿಲ್ಲ. ಕಡಿಮೆಯಾಗಿದ್ದದ್ದು ಗಾಳಿ ಮಾತ್ರ. ಈ ಪೈಕ್ಸ್ ಪೀಕ್ ಇರುವುದೂ ಮೋಟಾರ್‌ಹೋಮ್‌ಗಳು ಏದುಸಿರು ಬಿಡುವ ಅದೇ ಕೊಲರಾಡೊದಲ್ಲಿ.

ಬ್ಯೂಖಿಯ ಏರ್ಪಾಡಿನ ಚೆಂದವೂ ತೊಡಕೂ ಒಂದೇ ಜಾಗದಲ್ಲಿವೆ: ಅದೊಂದು ಬಳೆ. ಹೊಗೆ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಗಾಳಿಯನ್ನು ತುಂಬುತ್ತದೆ, ಹೆಚ್ಚು ಗಾಳಿ ಹೆಚ್ಚು ಇಂಧನವನ್ನು ಉರಿಸುತ್ತದೆ, ಅದರಿಂದ ಹೊಗೆಯ ರಭಸ ಹೆಚ್ಚುತ್ತದೆ. ಬಳೆ ಎಲ್ಲಿ ಬಿರುಕು ಬಿಟ್ಟರೂ ಮುಳ್ಳು ಕೆಳಗಿಳಿಯುತ್ತದೆ. ಮುಳ್ಳು ಬಿರುಕಿದೆ ಎನ್ನುತ್ತದೆಯೇ ಹೊರತು ಎಲ್ಲಿದೆ ಎಂದು ಹೇಳುವುದಿಲ್ಲ.

ಅದನ್ನು ಹೇಳುವ ಮೊದಲ ಸಾಕ್ಷಿ ಹೊಗೆಯ ಬಣ್ಣ. ಕಪ್ಪು ಹೊಗೆ ಬಂದರೆ ಇಂಧನ ಸಾಕಷ್ಟಿದೆ, ಗಾಳಿ ಸಾಲದು ಎಂದರ್ಥ. ಆಗ ಹುಡುಕಬೇಕಾದದ್ದು ಗಾಳಿಯ ದಾರಿಯಲ್ಲಿ. ಹೊಗೆಯೇ ಇಲ್ಲದೆ ಬಲ ಕುಗ್ಗಿದ್ದರೆ ಅನುಮಾನ ಇಂಧನದ ಕಡೆಗೆ ತಿರುಗಬೇಕು. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಬೆಂಕಿ ಸಾಲದು, ಹೊಗೆಗೆ ರಭಸವಿರದು, ಟರ್ಬೊ ತಿರುಗದು. ತಪ್ಪು ಡೀಸೆಲ್ಲಿನದು, ಅಪವಾದ ಟರ್ಬೊಗೆ. ಹಳೆಯ ಎಷ್ಟೋ ಎಂಜಿನ್ನುಗಳ ಇಂಧನ ಪಂಪಿಗೆ ಬೂಸ್ಟ್ ಬಂದ ಸುದ್ದಿ ಮುಟ್ಟಿಸಲು ಒಂದು ಸಣ್ಣ ಕೊಳವೆ ಇರುತ್ತದೆ. ಅದು ಸೀಳಿದರೂ ಪಂಪು ಇಂಧನವನ್ನು ಬಿಗಿಹಿಡಿಯುತ್ತದೆ.

ಗಾಳಿಯ ದಾರಿಯಲ್ಲಿ ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್. ಆಮೇಲೆ ಟರ್ಬೊದಿಂದ ಎಂಜಿನ್ನಿನವರೆಗಿನ ಕೊಳವೆಗಳು, ರಬ್ಬರ್ ಹೋಸ್‌ಗಳು, ಅವುಗಳ ಕ್ಲ್ಯಾಂಪ್‌ಗಳು, ನಡುವೆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಎಂಜಿನ್ ಹಿಂಬದಿಯಲ್ಲಿರುತ್ತದೆ. ಚಕ್ರಗಳು ಎಬ್ಬಿಸಿದ ಧೂಳೆಲ್ಲ ಅಲ್ಲಿಗೇ ಬರುತ್ತದೆ. ಎಂಜಿನ್ನಿನ ಎಣ್ಣೆಯ ಆವಿಯೂ ಸೇರಿ ಇಂಟರ್‌ಕೂಲರಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಸೋರಿಕೆ ಪತ್ತೆಗೆ ದೊಡ್ಡ ಉಪಕರಣವೇನೂ ಬೇಡ. ಗಾಳಿಯ ದಾರಿಯ ಬಾಯಿ ಮುಚ್ಚಿ, ಒಳಗೆ ಹದವಾಗಿ ಗಾಳಿ ತುಂಬಿ, ಕೀಲುಗಳ ಮೇಲೆ ಸೋಪಿನ ನೀರು ಹಾಕಿದರೆ ಸಾಕು. ನಮ್ಮ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಅದ್ದಿದಂತೆಯೇ ಗುಳ್ಳೆ ಎದ್ದಲ್ಲಿ ತೂತು.

ಇದೆಲ್ಲ ಸರಿಯಿದ್ದರೆ ಹೊಗೆಯ ಕಡೆಗೆ ಹೋಗಬೇಕು. ಬಿಸಿ ಹೊಗೆ ಟರ್ಬೊ ಸೇರುವ ಮೊದಲೇ ಸೋರುತ್ತಿದೆಯೇ? ಒತ್ತಡ ಮಿತಿಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತೆರೆದಂತೆಯೇ ಸಿಕ್ಕಿಕೊಂಡಿದೆಯೇ? ಟರ್ಬೊದ ದಂಡವನ್ನು ಕೈಯಿಂದ ಅಲ್ಲಾಡಿಸಿ ನೋಡುವುದು ಇದಾದ ಮೇಲೆ. ಚಕ್ರದ ಅಲಗು ಗೂಡಿಗೆ ಉಜ್ಜುವಷ್ಟು ಸಡಿಲವಿದ್ದರೆ ಆಗ ಟರ್ಬೊ ಅಪರಾಧಿ.

ಕಾರಣವನ್ನು ಹುಡುಕುವುದು ಇತಿಹಾಸದ ವಿದ್ಯಾರ್ಥಿಗಳ ದಿನನಿತ್ಯದ ಕೆಲಸ. ಕಣ್ಣಿಗೆ ಬೀಳುವ, ಹೆಸರುಳ್ಳ, ದುಬಾರಿಯಾದ ಒಂದರ ಮೇಲೆ ಹೊಣೆ ಹೊರಿಸುವ ಆಸೆ ನಮಗೂ ಇದೆ. ರಾಜ್ಯ ಬಿದ್ದರೆ ರಾಜನನ್ನು, ಕಾರು ನಿಂತರೆ ಟರ್ಬೊವನ್ನು ದೂರುತ್ತೇವೆ. ಇಂಡಿಯಾನಾಪೊಲಿಸ್‌ನ ಆ ಕಾರು ಮತ್ತೆ ರೇಸಿಗೆ ಇಳಿಯಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಅದರ ಸ್ಥಾನ 27. ಆದರೆ ಟರ್ಬೊ ಕೂಡಿಸಿದ ಡೀಸೆಲ್ ಎಂಜಿನ್ ಮುಂದಿನ ದಶಕಗಳಲ್ಲಿ ಲಾರಿಗಳಿಗೂ ಬಸ್ಸುಗಳಿಗೂ ಮೋಟಾರ್‌ಹೋಮ್‌ಗಳಿಗೂ ಎಷ್ಟು ಸಹಜವಾಯಿತೆಂದರೆ, ಅದಿಲ್ಲದ ಲಾರಿಯನ್ನು ಇಂದು ಹುಡುಕಬೇಕು. ಅಂದು ಸೋತದ್ದು ಬ್ಯೂಖಿಯ ವಿಚಾರವಲ್ಲ, ಗಾಳಿಯ ಬಾಯಿಯನ್ನು ನೆಲಕ್ಕೆ ಹತ್ತಿರ ಇಟ್ಟ ನಿರ್ಧಾರ. ಏರಿನಲ್ಲಿ ಗಾಡಿ ನಿಂತಾಗ ಸಾವಿರಾರು ಡಾಲರ್ ಕೊಟ್ಟು ಹೊಸ ಟರ್ಬೊ ಕೊಳ್ಳುವ ಮೊದಲು ಈ 71 ಸುತ್ತುಗಳನ್ನು ನೆನೆದು, ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿ ನೋಡುವುದು ಒಳ್ಳೆಯದು.