ಯಂತ್ರ ಕಣ್ಣು ಬಿಡುವ ಮುನ್ನ: ಮುಕ್ತ ಬೂಟ್ ಫರ್ಮ್‌ವೇರಿನ ದುರಸ್ತಿಯ ಚರಿತ್ರೆ, ಎಮ್ಮಿಗನೂರಿನಿಂದ ಕಂಡಂತೆ

ಆಂಧ್ರದ ಗಡಿಯೂರು ಎಮ್ಮಿಗನೂರಿನ ಯಾವುದಾದರೂ ಮಗ್ಗದ ಮನೆಯಲ್ಲಿ ಅರ್ಧ ಗಂಟೆ ಕೂತು ನೋಡಿ. ಲಾಳಿ ಓಡುತ್ತಿರುತ್ತದೆ, ಹಾಸಿನ ಒಂದು ಎಳೆ ಹರಿಯುತ್ತದೆ. ನೇಕಾರ ಕೈ ನಿಲ್ಲಿಸಿ, ಹರಿದ ಎರಡು ತುದಿ ಹುಡುಕಿ, ಬೆರಳಲ್ಲಿ ಹೊಸೆದು ಗಂಟು ಹಾಕುತ್ತಾನೆ. ಲಾಳಿ ಮತ್ತೆ ಓಡುತ್ತದೆ. 1938ರಲ್ಲಿ ಮಾಚಾನಿ ಸೋಮಪ್ಪನವರು ಇಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದ ಚರಿತ್ರೆಯಲ್ಲಿ ಅವರ ಹೆಸರಿದೆ, 1954ರಲ್ಲಿ ಅವರಿಗೆ ಸಂದ ಪದ್ಮಶ್ರೀ ಇದೆ. ಆ ಗಂಟುಗಳನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡುವುದು ಸಾಧ್ಯವೂ ಇರಲಿಲ್ಲ.

ಕಂಪ್ಯೂಟರಿನ ಚರಿತ್ರೆಯನ್ನೂ ನಾವು ಹೀಗೆಯೇ ಬರೆದುಕೊಂಡು ಬಂದಿದ್ದೇವೆ: ಕಂಡುಹಿಡಿದವರು, ಕಂಪನಿ ಕಟ್ಟಿದವರು, ಹೆಸರಿಟ್ಟವರು. ಆದರೆ ಅದರ ಒಂದು ಮೂಲೆಯಲ್ಲಿ ಗಂಟು ಹಾಕಿದವರ ಹೆಸರು, ದಿನಾಂಕ, ಗಂಟು ಯಾಕೆ ಬೇಕಾಯಿತು ಎಂಬ ಕಾರಣ, ಮೂರೂ ಉಳಿದಿವೆ. ಆ ಮೂಲೆಯ ಹೆಸರು ಮುಕ್ತ ಬೂಟ್ ಫರ್ಮ್‌ವೇರ್. ನಮ್ಮಂಥ ಊರುಗಳಿಗೆ ಆ ದಾಖಲೆ ಯಾಕೆ ಮುಖ್ಯ ಎಂಬುದು ಈ ಲೇಖನದ ವಿಷಯ.

ಫರ್ಮ್‌ವೇರ್ ಎಂದರೆ ಏನೆಂದು ನಾನು ಸರಿಯಾಗಿ ತಿಳಿದದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಒಂದು ಥಿಂಕ್‌ಪ್ಯಾಡ್ ಎಕ್ಸ್230 ಬಿಚ್ಚಿದಾಗ. ಮದರ್‌ಬೋರ್ಡಿನ ಮೇಲೆ ಎಂಟೆಂಟು ಕಾಲಿನ ಎರಡು ಚಿಪ್ಪುಗಳು, ಕಡಲೆಕಾಯಿ ಬೀಜಕ್ಕಿಂತ ಸಣ್ಣವು. ಒಂದರಲ್ಲಿ 8 ಎಂಬಿ, ಇನ್ನೊಂದರಲ್ಲಿ 4 ಎಂಬಿ. ಗುಂಡಿ ಒತ್ತಿದ ಕೂಡಲೇ ಪ್ರೊಸೆಸರ್ ಮೊದಲು ಓದುವುದು ಈ ಚಿಪ್ಪುಗಳನ್ನೇ. ಆ ಹೊತ್ತಿಗೆ ರ್‍ಯಾಮ್ ಇನ್ನೂ ಎದ್ದಿರುವುದಿಲ್ಲ, ಪರದೆ ಬೆಳಗಿರುವುದಿಲ್ಲ. ಮೆಮೊರಿಯನ್ನು ಎಬ್ಬಿಸಿ, ಡಿಸ್ಕನ್ನು ಹುಡುಕಿ, ಲಿನಕ್ಸ್ ಅಥವಾ ವಿಂಡೋಸ್ ಕೈಗೆ ಯಂತ್ರವನ್ನು ಒಪ್ಪಿಸುವವರೆಗಿನ ಕೆಲಸವೆಲ್ಲ ಅವುಗಳೊಳಗಿನ ಕೋಡಿನದು. ಅದೇ ಫರ್ಮ್‌ವೇರ್. ಅಲ್ಲಿ ಒಂದು ಸಾಲು ತಪ್ಪಿದರೆ ‘ತಪ್ಪಾಗಿದೆ’ ಎಂದು ತೋರಿಸುವುದಕ್ಕೂ ಪರದೆ ಇರುವುದಿಲ್ಲ. ಯಂತ್ರ ಸುಮ್ಮನೆ ಕಪ್ಪಗೆ ಕೂತಿರುತ್ತದೆ.

ಪಿಸಿಯ ಫರ್ಮ್‌ವೇರಿಗೆ ಬಳಕೆಯಾದ ಬಯೋಸ್ ಎಂಬ ಹೆಸರು 1975ರ ಸುಮಾರಿಗೆ ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಆಪರೇಟಿಂಗ್ ಸಿಸ್ಟಂ ಜೊತೆ ಬಂತು. 1981ರಲ್ಲಿ ಐಬಿಎಂ ತನ್ನ ಪಿಸಿಯ ಬಯೋಸ್ ಕೋಡನ್ನು ತಾಂತ್ರಿಕ ಕೈಪಿಡಿಯಲ್ಲಿ ಪೂರ್ತಿ ಅಚ್ಚು ಹಾಕಿತ್ತು. ಓದಬಹುದು, ನಕಲು ಮಾಡುವಂತಿಲ್ಲ. ಆಮೇಲೆ ಬಂದ ಕಂಪನಿಗಳು ಓದುವುದಕ್ಕೂ ಕೊಡಲಿಲ್ಲ. ಹಿಂದಿನ ಚಿಪ್ಪುಗಳನ್ನು ಅಳಿಸಲು ನೇರಳಾತೀತ ಬೆಳಕು ಬೇಕಿತ್ತು. ಫ್ಲ್ಯಾಶ್ ಚಿಪ್ಪು ಬಂದ ಮೇಲೆ ಯಂತ್ರದೊಳಗಿಂದಲೇ ಬರೆಯಲು ಸಾಧ್ಯವಾಯಿತು. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಹಲವು ದೇಶಗಳ ಕಂಪ್ಯೂಟರುಗಳ ಬಯೋಸ್ ಮೇಲೆ ಕಸ ಬರೆದು ಅವುಗಳನ್ನು ಮಲಗಿಸಿತು. ಆ ದಿನ ನಷ್ಟ ಅನುಭವಿಸಿದವರ ಕೈಯಲ್ಲಿ ದುರಸ್ತಿಗೆ ಬೇಕಾದ ಕೋಡು ಇರಲಿಲ್ಲ.

ಮುಕ್ತ ಫರ್ಮ್‌ವೇರಿನ ಎರಡು ದೊಡ್ಡ ಯೋಜನೆಗಳ ಬೇರುಗಳೂ ಅದೇ ವರ್ಷದಲ್ಲಿವೆ. ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರಾನ್ ಮಿನ್ನಿಕ್ ನೂರಾರು ಪಿಸಿಗಳನ್ನು ಜೋಡಿಸಿ ಒಂದೇ ದೊಡ್ಡ ಯಂತ್ರದಂತೆ ದುಡಿಸುತ್ತಿದ್ದರು. ಅವುಗಳ ಬಯೋಸ್ ಮಾತ್ರ ಪ್ರತಿ ಪಿಸಿಯ ಮುಂದೆಯೂ ಕೀಬೋರ್ಡ್ ಹಿಡಿದು ಒಬ್ಬ ಮನುಷ್ಯ ಕೂತಿರುತ್ತಾನೆಂದು ನಂಬಿದ ಕಾಲದ್ದು. ಸಣ್ಣ ತೊಂದರೆಯಾದರೂ ಕೀ ಒತ್ತಲಿ ಎಂದು ಕಾಯುತ್ತ ನಿಲ್ಲುವಂಥದ್ದು. ಆ ಬೇಸರದಿಂದ ಹುಟ್ಟಿದ್ದು ಲಿನಕ್ಸ್‌ಬಯೋಸ್. ಲಿನಕ್ಸ್ ಅಲ್ಲದೆ ಬೇರೆಯದನ್ನೂ ಅದು ಎಬ್ಬಿಸತೊಡಗಿದ ಮೇಲೆ, 2008ರ ಜನವರಿಯಲ್ಲಿ, ಕೋರ್‌ಬೂಟ್ ಎಂಬ ಹೆಸರು ಪಡೆಯಿತು. ಇನ್ನೊಂದು ಯು-ಬೂಟ್. 1999ರಲ್ಲಿ ಮ್ಯಾಗ್ನಸ್ ಡ್ಯಾಮ್ ಬರೆದ 8ಎಕ್ಸ್‌ಎಕ್ಸ್‌ರೋಮ್ ಎಂಬ ಪುಟ್ಟ ಬೂಟ್‌ಲೋಡರನ್ನು ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಮುಂದುವರಿಸಿದರು. ಮುಕ್ತ ಕೋಡು ಇಡುವ ಸೋರ್ಸ್‌ಫೋರ್ಜ್ ತಾಣದಲ್ಲಿ ಅಂಕಿಯಿಂದ ಶುರುವಾಗುವ ಹೆಸರಿಗೆ ಅವಕಾಶವಿರಲಿಲ್ಲವಾದ್ದರಿಂದ 2000ದಲ್ಲಿ ಅದು ಪಿಪಿಸಿಬೂಟ್ ಆಯಿತು. 2002ರಲ್ಲಿ ಯು-ಬೂಟ್ ಆಗಿ ಪವರ್‌ಪಿಸಿ ಪ್ರೊಸೆಸರಿನ ಆಚೆಗೂ ಹಬ್ಬಿತು. ಇವತ್ತು ಸಣ್ಣ ಕಂಪ್ಯೂಟರ್ ಬೋರ್ಡು, ನೆಟ್‌ವರ್ಕ್ ರೂಟರ್, ಕಾರ್ಖಾನೆಯ ಯಂತ್ರ, ಎಲ್ಲಿ ನೋಡಿದರೂ ಅದಿದೆ. ಡೆಂಕ್ 2022ರಲ್ಲಿ ತೀರಿಕೊಂಡರು. ಅದಕ್ಕೆ ಹತ್ತು ವರ್ಷ ಮೊದಲೇ, 2012ರಲ್ಲಿ, ಯೋಜನೆಯ ಮುಖ್ಯ ಹೊಣೆ ಟಾಮ್ ರಿನಿ ಅವರ ಕೈಗೆ ಹೋಗಿತ್ತು. ಕಟ್ಟಿದವರು ಇದ್ದಾಗಲೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಈ ಹಸ್ತಾಂತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇಲ್ಲಿಯವರೆಗಿನದು ಹುಟ್ಟಿನ ಕಥೆ. ಮುಂದಿನ ಇಪ್ಪತ್ತೈದು ವರ್ಷಗಳದ್ದು ಬಹುಮಟ್ಟಿಗೆ ದುರಸ್ತಿಯ ಕಥೆ, ಮತ್ತು ಅದರ ಆಕರ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಲಾಗ್. ಪ್ರತಿ ಬದಲಾವಣೆಯ ಕೆಳಗೆ ಸಾಲುಗಳಿರುತ್ತವೆ: ‘ರಿಪೋರ್ಟೆಡ್-ಬೈ’, ತಪ್ಪನ್ನು ತಿಳಿಸಿದವರು, ‘ಟೆಸ್ಟೆಡ್-ಬೈ’, ತಮ್ಮ ಬೋರ್ಡಿನ ಮೇಲೆ ಪರೀಕ್ಷಿಸಿದವರು, ‘ಸೈನ್ಡ್-ಆಫ್-ಬೈ’, ಇದು ನನ್ನ ಹೊಣೆ ಎಂದು ಸಹಿ ಹಾಕಿದವರು. ‘ಫಿಕ್ಸಸ್’ ಎಂದು ಇನ್ನೊಂದು ಸಾಲು, ಯಾವ ಹಳೆಯ ಬದಲಾವಣೆಯಿಂದ ಈ ತಪ್ಪು ಬಂತು ಎಂದು ಹೇಳುವುದು. ಶಾಸನಗಳ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರಿರುವುದನ್ನು ಓದಿ ಬೆಳೆದ ನಮಗೆ ಈ ಕ್ರಮ ಹೊಸದೆನಿಸುವುದಿಲ್ಲ.

ಒಂದು ಗಂಟನ್ನು ಹತ್ತಿರದಿಂದ ನೋಡೋಣ. ಯು-ಬೂಟ್ ನೆಟ್‌ವರ್ಕಿನ ಮೂಲಕವೂ ಕಡತ ತರಬಲ್ಲದು, ಅದಕ್ಕೆ ಎನ್‌ಎಫ್‌ಎಸ್ ಎಂಬ ಒಡಂಬಡಿಕೆಯ ಭಾಗವೊಂದಿದೆ. ಆಚೆ ಕಡೆಯ ಸರ್ವರ್ ‘ನಾನು ಕಳಿಸುವ ಕಡತದ ಗುರುತಿನ ಉದ್ದ ಇಷ್ಟು’ ಎಂದು ಹೇಳುತ್ತದೆ, ಯು-ಬೂಟ್ ಅಷ್ಟನ್ನು ತನ್ನ 64 ಬೈಟಿನ ಜಾಗಕ್ಕೆ ಸುರಿದುಕೊಳ್ಳುತ್ತದೆ. ಹೇಳಿದ ಅಳತೆಯನ್ನು ಅಳೆದು ನೋಡದೆ ಸುರಿದುಕೊಳ್ಳುವ ಇಂಥ ಕೋಡು ಅಲ್ಲಿ ಹಲವು ಕಡೆ ಇತ್ತು. 2019ರಲ್ಲಿ ಸೆಮ್ಮಲ್ ಸಂಸ್ಥೆಯ ಸಂಶೋಧಕರು ಒಂದರ ಹಿಂದೆ ಒಂದು ಹದಿಮೂರು ದೋಷ ಹೊರಗೆಳೆದರು. ತಿದ್ದುಪಡಿ ಬಂತು, ಅಳತೆಗೆ ತಪಾಸಣೆ ಸೇರಿತು, ಎಲ್ಲರೂ ಮುಂದೆ ಹೋದರು.

ಅವುಗಳಲ್ಲಿ ಒಂದು ತಪಾಸಣೆ ಸೋರುತ್ತಿತ್ತು. ಉದ್ದವನ್ನು ಹಿಡಿದಿಟ್ಟ ಸಂಖ್ಯೆಗೆ ಮೈನಸ್ ಆಗುವ ಅವಕಾಶವಿತ್ತು. ಸರ್ವರ್ ಮೈನಸ್ 1 ಎಂದು ಕಳಿಸಿದರೆ? 64ಕ್ಕಿಂತ ಚಿಕ್ಕದಲ್ಲವೇ, ತಪಾಸಣೆ ಬಿಟ್ಟುಬಿಡುತ್ತದೆ. ಆದರೆ ನಕಲು ಮಾಡುವ ಮುಂದಿನ ಸಾಲಿಗೆ ಮೈನಸ್ ಎಂಬುದು ಗೊತ್ತಿಲ್ಲ. 32 ಬಿಟ್ ಯಂತ್ರದಲ್ಲಿ ಅದೇ ಸಂಖ್ಯೆಯನ್ನು ಅದು ಸುಮಾರು 429 ಕೋಟಿ ಎಂದು ಓದುತ್ತದೆ, 64 ಬೈಟಿನ ಜಾಗಕ್ಕೆ ಅಷ್ಟನ್ನು ಸುರಿಯಲು ಹೊರಡುತ್ತದೆ. 2022ರಲ್ಲಿ ಇದು ಮತ್ತೆ ಬಯಲಾಯಿತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಹೊಸ ಗುರುತು ಸಿವಿಇ-2022-30767. ವಿವರಣೆಯಲ್ಲೇ, 2019ರ ತಿದ್ದುಪಡಿ ಸರಿಯಿರಲಿಲ್ಲ ಎಂದು ಬರೆದಿದ್ದಾರೆ. ಪರಿಹಾರ ಎಷ್ಟು ಚಿಕ್ಕದು ನೋಡಿ: ಪ್ರಯೋಜನಕ್ಕೆ ಬಾರದ ಹಳೆಯ ತಪಾಸಣೆಯನ್ನು ತೆಗೆದರು, ಆ ಸಂಖ್ಯೆ ಇನ್ನು ಮೈನಸ್ ಆಗಕೂಡದೆಂದು ಅದರ ಜಾತಿಯನ್ನು ‘ಅನ್‌ಸೈನ್ಡ್’ ಮಾಡಿದರು. ಮೂರು ವರ್ಷದ ಸೋರಿಕೆಗೆ ಒಂದು ಪದದ ಗಂಟು.

ಈ ಪ್ರಸಂಗವನ್ನು ಯು-ಬೂಟ್‌ನ ದೌರ್ಬಲ್ಯವೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತಪ್ಪು ಎಲ್ಲ ಕೋಡಿನಲ್ಲೂ ಇರುತ್ತದೆ. 2023ರ ಡಿಸೆಂಬರಿನಲ್ಲಿ ಬಯಲಾದ ಲೋಗೋಫೇಲ್ ದೋಷಗಳು, ಯಂತ್ರ ಏಳುವಾಗ ಕಂಪನಿಯ ಲಾಂಛನ ತೋರಿಸುವ ಕೋಡಿನವು, ಕೋಡನ್ನು ಮುಚ್ಚಿಟ್ಟ ಪ್ರಮುಖ ಬಯೋಸ್ ಕಂಪನಿಗಳೆಲ್ಲದರ ಬಯೋಸ್‌ನಲ್ಲೂ ಇದ್ದವು. ಅಲ್ಲಿ ಹೊರಗಿನವರಿಗೆ ನೋಡಲು ಆಗುವುದು ಹೊಸ ಕಡತವನ್ನು ಮಾತ್ರ. ಯಾವ ಸಾಲು ಬದಲಾಯಿತು, ಮೊದಲ ಸಲ ಹಾಕಿದ ಗಂಟು ನಿಂತಿತೇ ಜಾರಿತೇ ಎಂದು ಓದಿ ತಿಳಿಯುವ ದಾರಿ ಇಲ್ಲ. ಯು-ಬೂಟ್‌ನಲ್ಲಿ ಜಾರಿದ ಗಂಟೂ ದಾಖಲೆಯಲ್ಲಿದೆ.

ಕೋರ್‌ಬೂಟ್‌ನ ನಿತ್ಯದ ಕೆಲಸ ಇನ್ನೂ ಮೌನದ್ದು. ರ್‍ಯಾಮ್ ಇಲ್ಲದ ಹೊತ್ತಿನಲ್ಲಿ ಸಿ ಭಾಷೆಯ ಕೋಡು ಓಡಿಸಲು ಎರಿಕ್ ಬೀಡರ್‌ಮನ್ ರೋಮ್‌ಸಿಸಿ ಎಂಬ ವಿಶೇಷ ಕಂಪೈಲರನ್ನೇ ಬರೆದಿದ್ದರು. ಪ್ರೊಸೆಸರಿನ ಬೆರಳೆಣಿಕೆಯ ರಿಜಿಸ್ಟರುಗಳಲ್ಲೇ ಎಲ್ಲವನ್ನೂ ಹೊಂದಿಸುವ ಕಸರತ್ತು ಅದು. ಪ್ರೊಸೆಸರಿನ ಕ್ಯಾಶ್ ಅನ್ನೇ ತಾತ್ಕಾಲಿಕ ರ್‍ಯಾಮ್ ಮಾಡಿಕೊಳ್ಳುವುದು ರೂಢಿಯಾದ ಮೇಲೆ ಆ ಅದ್ಭುತದ ಕೆಲಸ ಮುಗಿಯಿತು. ಅದನ್ನು ತೆಗೆದುಹಾಕುವುದೂ ದುರಸ್ತಿಯೇ. 2019ರ ನವೆಂಬರಿನ 4.11 ಬಿಡುಗಡೆಯ ನಂತರ, ಹೊಸ ಕ್ರಮಕ್ಕೆ ಒಗ್ಗದ ಬೋರ್ಡುಗಳನ್ನು ಮುಖ್ಯ ಶಾಖೆಯಿಂದ ಕೈಬಿಟ್ಟರು. ಹಲವರು ತುಂಬ ಇಷ್ಟಪಡುತ್ತಿದ್ದ ಆಸುಸ್ ಕೆಜಿಪಿಇ-ಡಿ16 ಸರ್ವರ್ ಬೋರ್ಡೂ ಹೀಗೆ ಹೊರಬಿತ್ತು. ಬಳಸುವವರಿದ್ದರು, ಕೋಡನ್ನು ಹೊಸ ಕ್ರಮಕ್ಕೆ ತಂದು ಪರೀಕ್ಷಿಸುವ ಕೈ ಇರಲಿಲ್ಲ. ಹಾಗೆಂದು ಅದು ಅಳಿಯಲಿಲ್ಲ. ಹಳೆಯ ಶಾಖೆಯಲ್ಲಿ ಹಾಗೇ ಇತ್ತು, ಮುಂದೆ ಪೋಲೆಂಡಿನ ತ್ರೀಎಂಡೆಬ್ ಕಂಪನಿ ಅದನ್ನು ಮತ್ತೆ ಕೈಗೆತ್ತಿಕೊಂಡಿತು.

2019ರಲ್ಲೇ ಗೂಗಲ್ ಸಮ್ಮರ್ ಆಫ್ ಕೋಡ್ ಮೂಲಕ ಕೋರ್‌ಬೂಟ್‌ಗೆ ಬಂದ ವಿದ್ಯಾರ್ಥಿಯೊಬ್ಬರು ಕವರಿಟಿ ಎಂಬ ತಪಾಸಣಾ ಉಪಕರಣ ಪಟ್ಟಿ ಮಾಡಿದ್ದ ದೋಷಗಳನ್ನು ಕೂತು ಒಂದೊಂದಾಗಿ ತಿದ್ದಿದರು. ಹೊಸ ಸೌಲಭ್ಯ ಸೇರಿಸುವುದಲ್ಲ, ಇದ್ದುದನ್ನು ಸರಿಮಾಡುವುದು ಅವರ ಕೆಲಸವಾಗಿತ್ತು. ಒಂದು ಬೇಸಿಗೆಯನ್ನು ಇದಕ್ಕೆ ಕೊಟ್ಟ ಆ ಮನಸ್ಸಿನ ಬಗ್ಗೆ ನನಗೆ ಗೌರವವಿದೆ.

ಈ ಕಥೆಗೆ ಕನ್ನಡನಾಡಿನ ನಂಟು ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್ಕೋರ್ ಸಾಫ್ಟ್‌ವೇರ್ ಕಂಪನಿ ಸೇರಿ 2001ರಲ್ಲಿ ಹೊರತಂದ ಅಂಗೈ ಕಂಪ್ಯೂಟರ್ ಅದು. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಯಂತ್ರದ ವಿನ್ಯಾಸಕ್ಕೂ ಮುಕ್ತ ಪರವಾನಗಿ ಬರೆದಿದ್ದರು. 2004ರಲ್ಲಿ ಅದರ ಅಮಿಡಾ ರೂಪವನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ವಿನ್ಯಾಸವನ್ನು ಮುಕ್ತವಾಗಿಟ್ಟರಷ್ಟೇ ಸಾಲದು, ವರ್ಷ ವರ್ಷ ಅದನ್ನು ತಿದ್ದುತ್ತ ಕೂರುವ ಕೈಗಳೂ ಬೇಕು ಎಂಬುದನ್ನು ನಾನು ಅದರಿಂದ ಕಲಿತೆ.

ಎರಡನೆಯದು ಸದ್ದಿಲ್ಲದೆ ಬೆಳೆದದ್ದು. 2012ರಿಂದ ಇಂಟೆಲ್ ಪ್ರೊಸೆಸರಿನ ಕ್ರೋಮ್‌ಬುಕ್‌ಗಳು ಕೋರ್‌ಬೂಟ್‌ನಿಂದ ಏಳತೊಡಗಿದವು. ಆ ಕೋಡಿಗೆ ಇಂಟೆಲ್‌ನ ಬೆಂಗಳೂರು ಎಂಜಿನಿಯರುಗಳು ಸತತವಾಗಿ ದುಡಿದಿದ್ದಾರೆ. ಅವರಲ್ಲಿ ಒಬ್ಬರಾದ ಸುಬ್ರತ ಬಾನಿಕ್ ಅವರು ವಿನ್ಸೆಂಟ್ ಜಿಮ್ಮರ್ ಜೊತೆ ಸೇರಿ ಫರ್ಮ್‌ವೇರ್ ಕುರಿತು 2022ರಲ್ಲಿ ಎರಡು ಪುಸ್ತಕಗಳನ್ನೂ ತಂದರು. ತೀರಾ ಸಣ್ಣದಲ್ಲದ ಬದಲಾವಣೆಯನ್ನು ಕನಿಷ್ಠ 24 ಗಂಟೆ ಎಲ್ಲರ ಕಣ್ಣಿಗೆ ಬೀಳುವಂತೆ ಬಿಟ್ಟು ನಂತರ ಸೇರಿಸಬೇಕೆಂಬ ನಿಯಮ ಕೋರ್‌ಬೂಟ್‌ನಲ್ಲಿದೆ. ಬೆಂಗಳೂರಿನಲ್ಲಿ ಸಂಜೆ ಕಳಿಸಿದ ತಿದ್ದುಪಡಿಯನ್ನು ಜರ್ಮನಿಯವರು, ಅಮೆರಿಕದವರು ಅವರವರ ಹಗಲಲ್ಲಿ ಓದಲಿ ಎಂಬುದೇ ಅದರ ಉದ್ದೇಶ. ಯು-ಬೂಟ್‌ನಲ್ಲಿ ಒಂದೊಂದು ವಿಭಾಗಕ್ಕೂ ಒಬ್ಬ ‘ಕಸ್ಟೋಡಿಯನ್’ ಇರುತ್ತಾರೆ. ನನ್ನ ಎಕ್ಸ್230ರಲ್ಲಿ ಕಂಡಂಥ ಎಸ್‌ಪಿಐ ಫ್ಲ್ಯಾಶ್ ಚಿಪ್ಪುಗಳ ವಿಭಾಗವನ್ನು ವರ್ಷಗಟ್ಟಲೆ ನೋಡಿಕೊಂಡವರು ಹೈದರಾಬಾದಿನಿಂದ ದುಡಿದ ಜಗನ್ ತೇಕಿ. ಅತ್ತ ಬೆಂಗಳೂರು, ಇತ್ತ ಹೈದರಾಬಾದು. ನಡುವೆ ಗಡಿಯಲ್ಲಿ ಕೂತ ನಮಗೆ ಎರಡೂ ಮನೆಯವೇ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದಾಗ, ಆದೋನಿ ತಾಲೂಕಿನಲ್ಲಿದ್ದ ಎಮ್ಮಿಗನೂರೂ ಬಂತು. ಕನ್ನಡದ ಮನೆಗಳು ಇಲ್ಲೇ ಉಳಿದವು. ನಾನು ಕಂಡಂತೆ ಈ ಊರಿಗೆ ಲ್ಯಾಪ್‌ಟಾಪು ಬರುವುದು ಸಾಮಾನ್ಯವಾಗಿ ಎರಡನೆಯ ಇಲ್ಲವೇ ಮೂರನೆಯ ಕೈಯಿಂದ. ತಯಾರಕರು ಅದರ ಬಯೋಸ್ ಅಪ್‌ಡೇಟ್ ನಿಲ್ಲಿಸಿದ ಮೇಲೆ ಇಲ್ಲಿ ಅದರ ಬಾಳು ಶುರುವಾಗುತ್ತದೆ.

ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯ ಹುಡುಗ ಒಮ್ಮೆ ಅಂಥದೊಂದು ಯಂತ್ರ ತೋರಿಸಿದ. “ಅಪ್‌ಡೇಟ್ ನಡೆದಾಗ ಕರೆಂಟ್ ಹೋತಂತಣ್ಣ, ಬಯೋಸ್ ಹೋಗೈತಿ.” ಚಿಪ್ಪಿಗೆ ಕ್ಲಿಪ್ ಹಚ್ಚಿ, ಸಿಎಚ್341ಎ ಪ್ರೋಗ್ರಾಮರ್ ಸಿಕ್ಕಿಸಿದ. ಅಗ್ಗದ ಆ ಕಪ್ಪು ಬೋರ್ಡು 3.3 ವೋಲ್ಟಿನ ಚಿಪ್ಪಿಗೆ ಡೇಟಾ ತಂತಿಯಲ್ಲಿ 5 ವೋಲ್ಟು ಕಳಿಸುತ್ತದೆಂಬುದು ಗೊತ್ತಿರುವ ದೋಷ. ಇವನು ತನ್ನದನ್ನು ಮೊದಲೇ ಬೆಸೆದು ಸರಿಮಾಡಿಕೊಂಡಿದ್ದ. ಹಳೆಯದನ್ನು ಎರಡು ಸಲ ಓದಿದ, ಎರಡೂ ಒಂದೇ ಇವೆಯೇ ಎಂದು ಹೋಲಿಸಿದ, ಆಮೇಲೆ ಬರೆದ. ನಾನು ಮನೆಯಲ್ಲಿ ಇದೇ ಕೆಲಸಕ್ಕೆ ಬಳಸುವ ಫ್ಲ್ಯಾಶ್‌ರೋಮ್ ಲಿನಕ್ಸ್‌ಬಯೋಸ್ ಯೋಜನೆಯ ಮನೆಯಲ್ಲೇ ಹುಟ್ಟಿ ಬೇರೆಯಾದ ಉಪಕರಣ ಎಂದು ಹೇಳಿದೆ. ಪರದೆ ಬೆಳಗಿದ್ದೇ ಅವನಿಗೆ ಅದಕ್ಕಿಂತ ದೊಡ್ಡ ಸುದ್ದಿ.

ಅವನ ಕಂಪ್ಯೂಟರಿನಲ್ಲಿ ಬೋರ್ಡಿನ ನಂಬರು ಹಾಕಿಟ್ಟ ಫೋಲ್ಡರುಗಳಿವೆ, ಪ್ರತಿಯೊಂದರಲ್ಲಿ ಒಂದು ಬಯೋಸ್ ನಕಲು, ಹೆಸರು ‘ಓಕೆ’, ‘ಓಕೆ2’. ಓಕೆ2 ಯಾಕೆ ಬೇಕಾಯಿತು ಎಂದು ಕೇಳಿದೆ. ನೆನಪಿರಲಿಲ್ಲ. ಹೋದ ತಿಂಗಳು ಮತ್ತೆ ಹೋದಾಗ ಒಂದು ಫೋಲ್ಡರಿನೊಳಗೆ ಹೊಸ ಕಡತ ಕಂಡಿತು. ತಾರೀಖು ಹಾಕಿ ಕನ್ನಡದಲ್ಲಿ ಬರೆದಿದ್ದ: ‘ಫ್ಯಾನ್ ನಿಲ್ಲದೆ ತಿರುಗ್ತಿತ್ತು. ಇದು ಹಾಕಿದ ಮೇಲೆ ನಿಂತಿದೆ.’ ಕೆಳಗೆ ಅವನ ಹೆಸರು.