ಮೂರರಲ್ಲಿ ಎರಡು ಪಾಲು

2015ರ ಜನವರಿ ಮೊದಲ ವಾರ ನಮ್ಮ ಡೆಸ್ಕಿಗೆ ಬಂದ ಏಜೆನ್ಸಿ ಸುದ್ದಿಗೆ ತಲೆಬರಹ ಹುಡುಕುವ ಕಷ್ಟವೇ ಇರಲಿಲ್ಲ: ಮೂರರಲ್ಲಿ ಎರಡು ಪಾಲು ಕ್ಯಾನ್ಸರ್ ಬರುವುದು ಬರೀ ದುರದೃಷ್ಟದಿಂದ! ಜಾನ್ಸ್ ಹಾಪ್‌ಕಿನ್ಸ್‌ನ ಟೊಮಾಸೆಟ್ಟಿ ಮತ್ತು ವೋಗಲ್‌ಸ್ಟೈನ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದ ಪ್ರಬಂಧ ಅದು. ವರದಿಗಾರರನ್ನಷ್ಟೇ ಬೈದರೆ ಅನ್ಯಾಯ. ದುರದೃಷ್ಟ ಎಂಬ ಮಾತು ಪ್ರಬಂಧದಲ್ಲೂ ಇತ್ತು, ವಿಶ್ವವಿದ್ಯಾಲಯದ ಪ್ರಕಟಣೆಯ ನೆತ್ತಿಯ ಮೇಲೂ ಇತ್ತು.

ಅವರು ಎಣಿಸಿದ್ದು ರೋಗಿಗಳನ್ನಲ್ಲ. 31 ಬಗೆಯ ಕ್ಯಾನ್ಸರ್ ತೆಗೆದುಕೊಂಡು, ಆಯಾ ಅಂಗದ ಆಕರಕೋಶಗಳು ಜೀವಮಾನದಲ್ಲಿ ಎಷ್ಟು ಸಲ ವಿಭಜನೆಯಾಗುತ್ತವೆ, ಅಲ್ಲಿ ಕ್ಯಾನ್ಸರ್ ಬರುವ ಸಂಭವ ಎಷ್ಟು ಎಂದು ತಾಳೆ ಹಾಕಿದ್ದರು. ವಿಭಜನೆ ಹೆಚ್ಚಾದಷ್ಟೂ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳುವ ಅವಕಾಶ ಹೆಚ್ಚು. ನಮ್ಮ ದೊಡ್ಡ ಕರುಳಿನಲ್ಲಿ ವಿಭಜನೆ ಸಣ್ಣ ಕರುಳಿಗಿಂತ ಜಾಸ್ತಿ, ಕ್ಯಾನ್ಸರೂ ಅಲ್ಲೇ ಜಾಸ್ತಿ. ಇಲಿಗಳಲ್ಲಿ ಎರಡೂ ಉಲ್ಟಾ. ಹೀಗೆ ಅಂಗದಿಂದ ಅಂಗಕ್ಕೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 65ರಷ್ಟು ಈ ಲೆಕ್ಕಕ್ಕೆ ಹೊಂದುತ್ತದೆ. ನೂರು ರೋಗಿಗಳಲ್ಲಿ 65 ಮಂದಿಗೆ ಸುಮ್ಮಸುಮ್ಮನೆ ಬಂತು ಎಂದು ಇದರಿಂದ ಹೊರಡುವುದೇ ಇಲ್ಲ. ಯಾವುದೋ ವಿಷ ಎಲ್ಲ ಅಂಗಗಳ ಕ್ಯಾನ್ಸರನ್ನೂ ಸಮವಾಗಿ ಇಮ್ಮಡಿ ಮಾಡಿದರೂ ಆ 65 ಕದಲುವುದಿಲ್ಲ. ಸಾಲದ್ದಕ್ಕೆ ಸ್ತನ, ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಆ ಲೆಕ್ಕದಲ್ಲೇ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಜನವರಿ 13ರಂದು ಖಡಾಖಂಡಿತವಾಗಿ ಆಕ್ಷೇಪಿಸಿತು. ಅಷ್ಟರೊಳಗೆ ಸುದ್ದಿ ಊರು ಸುತ್ತಿತ್ತು. ಕ್ಯಾನ್ಸರ್ ತರುತ್ತದೆಂದು ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆಫೀಸಿನ ಪಕ್ಕದ ಪಾನ್ ಅಂಗಡಿಯವರು ಪೇಪರ್ ಮಡಚಿ ಹಿಡಿದು, ‘ನೋಡಿ ಸಾರ್, ಸುಮ್ನೆ ನಮ್ಮ ಹೊಟ್ಟೆ ಮೇಲೆ ಹೊಡೆದ್ರು’ ಅಂದರು.

ತಮಾಷೆಯೆಂದರೆ, ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕ ಜಾನ್ ಹಿಗಿನ್ಸನ್ 1979ರಲ್ಲಿ ಇದಕ್ಕೆ ತದ್ವಿರುದ್ಧವಾದ ಅಪಾರ್ಥದ ಗೋಳು ಹೇಳಿಕೊಂಡಿದ್ದರು. ಬಹುಪಾಲು ಕ್ಯಾನ್ಸರ್ ಪರಿಸರದಿಂದ ಬರುತ್ತದೆ ಎಂದಿದ್ದವರು ಅವರು. ಊಟ, ಚಟ, ಬದುಕುವ ರೀತಿ ಎಲ್ಲವನ್ನೂ ಸೇರಿಸಿ. ಜನ ಕೇಳಿಸಿಕೊಂಡಿದ್ದು ಮಾತ್ರ ಕಾರ್ಖಾನೆಯ ರಾಸಾಯನಿಕ ಎಂದು.

2017ರ ಮಾರ್ಚ್‌ನಲ್ಲಿ ಟೊಮಾಸೆಟ್ಟಿ ತಂಡ ಇನ್ನೊಂದು ಲೆಕ್ಕ ಕೊಟ್ಟಿತು: ಕ್ಯಾನ್ಸರ್‌ಗೆ ಕಾರಣವಾಗುವ ರೂಪಾಂತರಗಳಲ್ಲಿ ಶೇ 66ರಷ್ಟು ನಕಲಿನ ತಪ್ಪುಗಳು. ರೂಪಾಂತರಗಳಲ್ಲಿ, ಪ್ರಕರಣಗಳಲ್ಲಲ್ಲ. ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ರೂಪಾಂತರಗಳು ಇಂಥವೇ ಆದರೂ, ಶೇ 89ರಷ್ಟು ಪ್ರಕರಣಗಳನ್ನು ತಡೆಯಬಹುದು ಎಂದು ಅದೇ ಪ್ರಬಂಧ ಹೇಳಿತ್ತು. ನಾನು ನೋಡಿದ ವರದಿಗಳಲ್ಲಿ 66 ತಲೆಬರಹದಲ್ಲಿತ್ತು. 89 ಎಲ್ಲಾದರೂ ಇದ್ದರೆ ಕೊನೆಯ ಪ್ಯಾರಾದಲ್ಲಿ, ಜಾಗ ಸಾಲದಿದ್ದರೆ ನಾವು ಮೊದಲು ಕತ್ತರಿಸುವುದೂ ಅದನ್ನೇ.