ಟಿಪ್ಪುವಿನ ಪಡೆಯ ಲೆಕ್ಕಿಗ, ವಿಶಾಖಪಟ್ಟಣದ ಅನುವಾದಕ

ಬೆಂಗಳೂರು ಬಿಟ್ಟು ದುವ್ವಾಡಕ್ಕೆ ಬಂದು ಆರು ವರ್ಷವಾಯಿತು. ಎಷ್ಟೋ ರೈಲುಗಳು ವಿಶಾಖಪಟ್ಟಣದ ಒಳಗೆ ಹೋಗದೆ ಇಲ್ಲೇ ನಿಂತು ಮುಂದೆ ಹೊರಟುಬಿಡುತ್ತವೆ. ಊರಿನಿಂದ ಬರುವ ನೆಂಟರಿಗೆ ಇದನ್ನು ವಿವರಿಸುವುದೇ ಒಂದು ಕೆಲಸ. ಕಳೆದ ವರ್ಷ ನನ್ನ ತಂಡದ ಹುಡುಗನೊಬ್ಬ, "ಸರ್, ಈ ಭಾನುವಾರ ನಾನೂ ನಿಮ್ಮ ಜೊತೆ ಚರ್ಚಿಗೆ ಬರ್ತೀನಿ" ಎಂದ. ಮೂರು ವಾರ ಬಂದ. ನನಗೋ ಖುಷಿ. ಅಪ್ರೈಸಲ್ ಮುಗಿದ ಮೇಲೆ ಬರಲಿಲ್ಲ. ಅವನನ್ನು ದೂರುವಂತಿಲ್ಲ. ಊಟದ ಹೊತ್ತಿನಲ್ಲಿ ನನ್ನ ನಂಬಿಕೆಯ ಮಾತು ಎತ್ತಿದವನು ನಾನೇ, ಅವನ ರೇಟಿಂಗ್ ಬರೆಯುವವನೂ ನಾನೇ.

ಆ ಇರಿಸುಮುರಿಸಿನಲ್ಲೇ ಈ ಊರಿನ ಹಳೆಯ ಮಿಷನ್ ಚರಿತ್ರೆ ಓದತೊಡಗಿದೆ. 1805ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಆಗಸ್ಟಸ್ ಡೆ ಗ್ರಾಂಜ್ ವಿಶಾಖಪಟ್ಟಣಕ್ಕೆ ಬಂದರು. ತೆಲುಗು ಕಲಿತು ಬೈಬಲ್ ಅನುವಾದಕ್ಕೆ ಕೂತರು. ಆ ಕೆಲಸದಲ್ಲಿ ಅವರಿಗೆ ಜೊತೆಯಾದವರು ಆನಂದರಾಯರೆಂಬ ಮರಾಠಿ ಬ್ರಾಹ್ಮಣರು. ಮಿಷನರಿಗಳು ಬರೆದಿಟ್ಟ ಪ್ರಕಾರ ಆನಂದರಾಯರು ಮೊದಲು ಟಿಪ್ಪು ಸುಲ್ತಾನನ ಪಡೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದೇ ಕೆಲಸಕ್ಕೆ ಇಂಗ್ಲಿಷರ ಪಡೆ ಸೇರಿದರು. (ಕಂಪನಿ ಬದಲಿಸುವ ನಮಗಿದು ಹೊಸದಲ್ಲ.) ಮೋಕ್ಷ ಬೇಕೆಂದು ಮಂತ್ರವೊಂದನ್ನು ನಾಲ್ಕು ಲಕ್ಷ ಸಲ ಜಪಿಸಿದರಂತೆ, ನೆಮ್ಮದಿ ಸಿಗಲಿಲ್ಲ. ಕ್ಯಾಥೊಲಿಕರ ಬಳಿ ವಿಚಾರಿಸಿದರು, ಕೊನೆಗೆ ತರಂಗಂಬಾಡಿಗೆ ಹೋಗಿ ಪ್ರೊಟೆಸ್ಟೆಂಟರಲ್ಲಿ ದೀಕ್ಷಾಸ್ನಾನ ಪಡೆದರು. ವಿಶಾಖಪಟ್ಟಣಕ್ಕೆ ಬಂದದ್ದು ಆಮೇಲೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ವಿವರ. ಕೆಲಸ ಕೊಟ್ಟು ಮತಕ್ಕೆ ಕರೆದದ್ದಲ್ಲ. ತನ್ನ ಲೆಕ್ಕ ತಾನೇ ಮುಗಿಸಿಕೊಂಡು ಅವರು ಆ ಮೇಜಿಗೆ ಬಂದಿದ್ದರು. ಕ್ರಾನ್ 1809ರಲ್ಲಿ, ಡೆ ಗ್ರಾಂಜ್ 1810ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸಿದ್ಧವಾಗಿದ್ದ ಮತ್ತಾಯ, ಮಾರ್ಕ, ಲೂಕ ಸುವಾರ್ತೆಗಳು 1812ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದವು. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಕೆಲಸ ಹಿಡಿದರು.

ನಮ್ಮ ಮನೆಯ ಕಥೆ ಬೇರೆ. ನಾನು ಮಂಗಳೂರಿನವನು, ಮುತ್ತಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1865ರಲ್ಲಿ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಹಂಚು ಸುಡಲು ಶುರುಮಾಡಿತು. ಕ್ರೈಸ್ತರಾದವರನ್ನು ಮನೆಯವರೂ ಜಾತಿಯವರೂ ಹೊರಗಿಡುತ್ತಿದ್ದರು; ಶೇಂದಿ ಇಳಿಸುತ್ತಿದ್ದ ಬಿಲ್ಲವರು ಆ ಕಸುಬನ್ನೇ ಬಿಡಬೇಕಾಗುತ್ತಿತ್ತು. ಹೊಟ್ಟೆಗೊಂದು ದಾರಿ ಬೇಕಿತ್ತು. ಅಚ್ಚುಕೂಟ, ನೇಯ್ಗೆ, ಹಂಚು ಆ ದಾರಿಯಾದವು. ಅವು ಇರದಿದ್ದರೆ ನಾನು ಎಂ.ಟೆಕ್. ಓದುವುದು ದೂರದ ಮಾತು. ಆದರೂ ಸಂಬಳ ಕೊಡುವವರೇ ಪ್ರಾರ್ಥನೆಗೂ ಕರೆಯುವಾಗ ಮುತ್ತಜ್ಜ "ಬರುವುದಿಲ್ಲ" ಎನ್ನಬಹುದಿತ್ತೇ? ಒಮ್ಮೆ ಅಜ್ಜಿಯನ್ನು ಕೇಳಿದ್ದೆ. "ಅವರು ಒಂದು ದಿನವೂ ಪ್ರಾರ್ಥನೆ ತಪ್ಪಿಸಿದವರಲ್ಲ ಮಗಾ" ಎಂದಷ್ಟೇ ಹೇಳಿದರು. ಅದು ಉತ್ತರವೋ ಅಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಈ ವರ್ಷ ಆ ಹುಡುಗ ಬೇರೆ ಪ್ರಾಜೆಕ್ಟಿಗೆ ಹೋದ. ಮೊನ್ನೆ ದುವ್ವಾಡ ಸ್ಟೇಷನ್ನಿನಲ್ಲಿ ಸಿಕ್ಕಿದ್ದ, ಅಮ್ಮನ ಆಪರೇಷನ್ನಿಗೆಂದು ವಿಜಯವಾಡಕ್ಕೆ ಹೊರಟಿದ್ದ. "ಪ್ರೇಯರ್ ಮಾಡಿ ಸರ್" ಎಂದ. ಈಗ ಅವನ ರೇಟಿಂಗ್ ನನ್ನ ಕೈಯಲ್ಲಿಲ್ಲ. ಮಾಡ್ತೀನಿ ಎಂದೆ. ರೈಲು ಇಪ್ಪತ್ತು ನಿಮಿಷ ತಡವಿತ್ತು. ಇಬ್ಬರೂ ಟೀ ಕುಡಿದೆವು, ಆನಂದರಾಯರ ವಿಷಯ ಹೇಳಿದೆ. "ನಾಲ್ಕು ಲಕ್ಷ ಸಲವಾ? ಎಣಿಸಿದ್ದು ಯಾರು ಸರ್?" ಎಂದು ಕೇಳಿದ. ಲೆಕ್ಕಿಗರಲ್ಲವೇ, ಅವರೇ ಎಣಿಸಿರಬೇಕು ಎಂದೆ.